ಡಾ. ಲೆಸ್ಲಿ ಕೋಲ್ಮನ್

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಬತ್ತ, ಅಡಿಕೆಗಳೆರಡನ್ನೂ ಬೆಳೆಯುವ ನಾಡು. ಗದ್ದೆಯಲ್ಲಿ ನೀರು ನಿಲ್ಲಿಸಿ ಕೆಸರು ಮಾಡಿದಾಗ ಮಣ್ಣಿನ ಕಣಗಳ ಹೆಣಿಗೆ ಒಡೆಯುತ್ತದೆ; ಕೊಯ್ಲಾದ ಮೇಲೆ ನೆಲ ಒಣಗಿ ಬಿರುಸಾಗುತ್ತದೆ. ಉಳಿದ ತೇವದಲ್ಲಿ ಉದ್ದನ್ನೋ ಹೆಸರನ್ನೋ ಹುರುಳಿಯನ್ನೋ ಬಿತ್ತಿದರೆ ಅವುಗಳ ಬೇರು ನೆಲವನ್ನು ಸಡಿಲಿಸುತ್ತದೆ. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಬೇರು, ಎಲೆಗಳು ಕೊಳೆತು ಮುಂದಿನ ಬತ್ತಕ್ಕೆ ಗೊಬ್ಬರವಾಗುತ್ತವೆ. ಬೆಳೆ ಬದಲಿಸಿದರೆ ನೆಲ ಚೇತರಿಸಿಕೊಳ್ಳುವುದು ಹೀಗೆ.

ಅಡಿಕೆ ತೋಟಕ್ಕೆ ಈ ಉಪಾಯ ಸಲ್ಲದು. ಒಮ್ಮೆ ನೆಟ್ಟ ಮರ ಹಲವು ದಶಕಗಳ ಕಾಲ ಅಲ್ಲಿಯೇ ನಿಲ್ಲಬೇಕು. ಬೆಟ್ಟದ ಸೊಪ್ಪನ್ನು ತಂದು ಹಾಕಿ ಮಣ್ಣನ್ನೇನೋ ಪೋಷಿಸಬಹುದು. ಆದರೆ ಹೊಕ್ಕ ರೋಗ ವರ್ಷವರ್ಷವೂ ಮರಳುತ್ತದೆ. ಮಳೆಗಾಲದಲ್ಲಿ ಎಳೆಯ ಕಾಯಿಗಳನ್ನು ಕೊಳೆಯಿಸಿ ಉದುರಿಸುವ ಕೊಳೆರೋಗ ಅಂಥದು. ಒಂದೇ ಮಳೆಗಾಲದಲ್ಲಿ ಒಂದು ಸಂಸಾರದ ವರ್ಷದ ಅನ್ನ ನೆಲದ ಪಾಲಾಗುತ್ತಿತ್ತು. ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಲು ಹೆಣಗುತ್ತಿದ್ದರು. ಈ ಕಷ್ಟಕ್ಕೆ ಮದ್ದು ತೋರಿಸಿದವರು ದೂರದೇಶದಿಂದ ಬಂದ ಲೆಸ್ಲಿ ಕೋಲ್ಮನ್.

ಕೋಲ್ಮನ್ನರು 1878ರಲ್ಲಿ ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ, ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಸಂಶೋಧನೆ ನಡೆಸಿದರು. ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕವನ್ನು ಗಿಡಗಳು ಹೀರಬಲ್ಲ ನೈಟ್ರೇಟಾಗಿ ಮಾರ್ಪಡಿಸುವ ಬಗೆಯೇ ಅವರ ಅಧ್ಯಯನದ ವಿಷಯ. ಕಾಳು ಬೆಳೆದ ಗದ್ದೆಯಲ್ಲಿ ನಮ್ಮ ರೈತರು ಕಣ್ಣಾರೆ ಕಂಡ ಫಲದ ಹಿಂದೆ ಈ ಕ್ರಿಯೆಯೂ ಅಡಗಿದೆ.

1908ರಲ್ಲಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಪರೀಕ್ಷಿಸಿ, ಅದಕ್ಕೆ ಕಾರಣ ಮಳೆಯೊಂದೇ ಅಲ್ಲ, ಮಳೆಗಾಳಿಗಳೊಡನೆ ಹರಡುವ ಶಿಲೀಂಧ್ರವೆಂದು ತೋರಿಸಿದರು. ಈ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿದ ಬೋರ್ಡೊ ದ್ರಾವಣವನ್ನು, ಮಳೆಗೆ ತೊಳೆದುಹೋಗದಂತೆ ಅಂಟು ಸೇರಿಸಿ, ಗೊನೆಗಳಿಗೆ ಸಿಂಪಡಿಸಬೇಕೆಂದು ಸೂಚಿಸಿದರು. ಮುಂಗಾರಿಗೆ ಮೊದಲೇ ಈ ಔಷಧ ಹೊಡೆಯುವ ವಾಡಿಕೆ ಮಲೆನಾಡಿನಲ್ಲಿ ಇಂದಿಗೂ ಉಳಿದಿದೆ.

1913ರಲ್ಲಿ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿಶಾಲೆ ಆರಂಭವಾಯಿತು. ರಾಗಿಯ ಉತ್ತಮ ತಳಿಗಳ ಆಯ್ಕೆಗೆ ಅವರು ಗಮನವಿತ್ತರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಮಂಡ್ಯದ ಸಕ್ಕರೆ ಉದ್ಯಮದ ಹುಟ್ಟಿಗೂ ಅವರು ದುಡಿದರು. 1934ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಅವರು 1954ರಲ್ಲಿ ನಿಧನರಾದರು.

ಕೋಲ್ಮನ್ನರು ವಿದ್ಯೆಯನ್ನು ಪ್ರಯೋಗಶಾಲೆಯಲ್ಲಿ ಕೂಡಿಡಲಿಲ್ಲ. ತೋಟದ ಕೆಸರಿಗೆ ಕೊಂಡೊಯ್ದರು. ರೈತನ ಅನುಭವವೂ ವಿಜ್ಞಾನಿಯ ವಿವೇಚನೆಯೂ ಕೂಡಿದಲ್ಲಿ ನೆಲ ಬಡವಾಗದು, ಬೆಳೆ ಸೊರಗದು. ಅವರ ಬಾಳಿನಿಂದ ನಾವು ಕಲಿಯಬೇಕಾದ ಪಾಠ ಇದು.