ಪುಟ್ಟ ಬೆರಳುಗಳ ಗುರು ಕಾರ್ಲ್ ಚರ್ನಿ

ಪಿಯಾನೊ ಕಲಿಯತೊಡಗಿದ ಮಕ್ಕಳಲ್ಲಿ ಕಾರ್ಲ್ ಚರ್ನಿಯವರ ಪಾಠಗಳನ್ನು ನುಡಿಸದವರು ವಿರಳ. ಅನೇಕರಿಗೆ ಆ ಹೆಸರೆಂದರೆ ಬೇಸರ. ಒಂದೇ ಸ್ವರಸಾಲನ್ನು ಮತ್ತೆ ಮತ್ತೆ ನುಡಿಸುವ ದಣಿವು. ಆದರೆ ಆ ಪಾಠಗಳ ಹಿಂದೆ ಶಿಷ್ಯರಿಗಾಗಿ ಬಾಳನ್ನು ಸವೆಸಿದ ಗುರುವೊಬ್ಬರಿದ್ದರೆಂಬುದನ್ನು ನಾವು ಮರೆಯಬಾರದು.

ಚರ್ನಿಯವರು 1791ರ ಫೆಬ್ರವರಿ 21ರಂದು ವಿಯೆನ್ನಾ ನಗರದಲ್ಲಿ ಜನಿಸಿದರು. ಬೊಹೀಮಿಯಾ ಮೂಲದ ತಂದೆ ವೆನ್ಜೆಲ್ ಪಿಯಾನೊ ಪಾಠ ಹೇಳಿ ಸಂಸಾರ ಸಾಗಿಸುತ್ತಿದ್ದರು. ಒಬ್ಬನೇ ಮಗನಿಗೆ ಅವರೇ ಮೊದಲ ಗುರು. ಬಾಲಕ ಹತ್ತರ ಆಸುಪಾಸಿನಲ್ಲಿದ್ದಾಗ ಅವನ ವಾದನವನ್ನು ಕೇಳಿದ ಬೀಥೋವನ್ ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಆದರೆ ಮೊದಲ ಪಾಠಗಳಲ್ಲಿ ಯಾವ ಭವ್ಯ ಕೃತಿಯೂ ಇರಲಿಲ್ಲ. ಸ್ವರಶ್ರೇಣಿಗಳು, ಕೈಯ ಸರಿಯಾದ ನಿಲುವು, ಹೆಬ್ಬೆರಳಿನ ಬಳಕೆ: ಇಷ್ಟೇ. ಅಡಿಪಾಯವಿಲ್ಲದೆ ಗೋಪುರವೇಳದು ಎಂಬ ಸತ್ಯವನ್ನು ಬಾಲಕ ಅಂದೇ ಕಂಡುಕೊಂಡನು.

ಬೀಥೋವನರ ಐದನೆಯ ಪಿಯಾನೊ ಕನ್ಚೆರ್ಟೊವನ್ನು 1812ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದವರು ಚರ್ನಿಯವರೇ. ಆದರೂ ವೇದಿಕೆಯ ಕೀರ್ತಿ ಅವರನ್ನು ಸೆಳೆಯಲಿಲ್ಲ. ಹದಿನೈದರ ಪ್ರಾಯದಲ್ಲೇ ಬೋಧನೆಗಿಳಿದ ಅವರು, 1836ರವರೆಗೂ ದಿನಕ್ಕೆ ಹತ್ತು ಹನ್ನೆರಡು ಗಂಟೆ ಪಾಠ ಹೇಳಿ ವೃದ್ಧ ತಂದೆತಾಯಿಗಳಿಗೆ ಆಸರೆಯಾದರು.

1816ರಲ್ಲಿ ಬೀಥೋವನ್ ತಮ್ಮ ತಮ್ಮನ ಮಗ ಕಾರ್ಲನನ್ನು ಅವರಿಗೊಪ್ಪಿಸಿದರು. ಜೊತೆಗೆ ಒಂದು ಸಲಹೆಯನ್ನೂ ನೀಡಿದರು: ಬೆರಳು, ತಾಳ, ಸ್ವರಗಳು ಹದಕ್ಕೆ ಬಂದ ಮೇಲೆ ಸಣ್ಣ ತಪ್ಪುಗಳಿಗಾಗಿ ಹುಡುಗನನ್ನು ನಡುವೆ ತಡೆಯಬಾರದು, ಕೃತಿ ಮುಗಿದ ನಂತರವೇ ತಿದ್ದಬೇಕು. ಮಕ್ಕಳಿಗೆ ಕಲಿಸುವ ಎಲ್ಲರೂ ಮನನ ಮಾಡಬೇಕಾದ ಮಾತಿದು. ಹೆಜ್ಜೆ ಹೆಜ್ಜೆಗೂ ತಡೆಯಲ್ಪಟ್ಟ ಮಗು ಸಂಗೀತವನ್ನಲ್ಲ, ಭಯವನ್ನು ಕಲಿಯುತ್ತದೆ.

1819ರಲ್ಲಿ ಹಂಗೇರಿಯಿಂದ ತಂದೆಯೊಬ್ಬರು ಎಂಟರ ಮಗನನ್ನು ಕರೆತಂದರು. ಬಿಳಿಚಿಕೊಂಡ, ದುರ್ಬಲ ಬಾಲಕ. ನುಡಿಸುವಾಗ ಆಸನದಿಂದ ಉರುಳುವನೇನೋ ಎಂಬಂತೆ ತೂಗಾಡುತ್ತಿದ್ದ. ಬೆರಳುಗಳಿಗೆ ಕ್ರಮವೇ ಇರಲಿಲ್ಲ. ಆದರೆ ಆ ಅಸ್ತವ್ಯಸ್ತತೆಯ ನಡುವೆಯೇ ಚರ್ನಿಯವರು ಅಪೂರ್ವ ಪ್ರತಿಭೆಯನ್ನು ಗುರುತಿಸಿದರು. ಅವನೇ ಫ್ರಾನ್ಜ್ ಲಿಸ್ಟ್. 1822ರಲ್ಲಿ ಪಾಠ ಆರಂಭವಾಯಿತು. ಹಗಲೆಲ್ಲ ದುಡಿದು ದಣಿದ ಗುರು ಸಂಜೆಗಳನ್ನು ಅವನಿಗೆ ಮೀಸಲಿಟ್ಟರು, ಶುಲ್ಕವನ್ನು ಮುಟ್ಟಲಿಲ್ಲ. ಆದರೆ ಮರುವರ್ಷವೇ ತಂದೆ ಮಗನನ್ನು ಕಚೇರಿಗಳಿಗಾಗಿ ಪರವೂರಿಗೆ ಕರೆದೊಯ್ದರು. ಅಡಿಪಾಯ ಇನ್ನೂ ಒಣಗುವ ಮುನ್ನವೇ ಭಾರ ಹೊರಿಸಿದ ಈ ಆತುರ ಗುರುವನ್ನು ನೋಯಿಸಿತು. ಇತ್ತ ಶಿಷ್ಯ ಕೃತಘ್ನನಾಗಲಿಲ್ಲ. 1852ರಲ್ಲಿ ಪ್ರಕಟವಾದ ತನ್ನ ಕಠಿಣತಮ ಸಾಧನಾಕೃತಿಗಳ ಸಂಪುಟವನ್ನು ಚರ್ನಿಯವರಿಗೇ ಅರ್ಪಿಸಿದನು.

ಬೋಧನೆಯನ್ನು ಬಹುಮಟ್ಟಿಗೆ ನಿಲ್ಲಿಸಿದ ನಂತರವೂ ಅವರ ಲೇಖನಿ ನಿಲ್ಲಲಿಲ್ಲ. ಕೃತಿಸಂಖ್ಯೆ 861ಕ್ಕೆ ಏರಿತು. ಎಳೆಯರ ಅಭ್ಯಾಸಪಾಠಗಳಂತೆಯೇ ಪೂಜಾಸಂಗೀತವೂ ಅವುಗಳಲ್ಲಿವೆ. ಅವಿವಾಹಿತರಾಗಿಯೇ ಉಳಿದ ಚರ್ನಿಯವರು 1857ರ ಜುಲೈ 15ರಂದು ತೀರಿಕೊಂಡರು. ತಮ್ಮ ಆತ್ಮಶಾಂತಿಯ ಪೂಜೆಗೆ ಏರ್ಪಾಡು ಮಾಡಿ, ದೊಡ್ಡ ಆಸ್ತಿಯ ಬಹುಪಾಲನ್ನು ಧರ್ಮಕಾರ್ಯಗಳಿಗೆ ಬಿಟ್ಟಿದ್ದರು. ಅದರಲ್ಲಿ ಪಾಲು ಪಡೆದವರಲ್ಲಿ ಕಿವುಡರ ಸಂಸ್ಥೆಯೂ ಒಂದು. ಸ್ವರವನ್ನೇ ಕೇಳಲಾರದವರಿಗೆ ಸ್ವರದಿಂದ ಗಳಿಸಿದ ಧನ ಸಂದಿತು.

ವೀಣೆಯಂತಹ ವಾದ್ಯವನ್ನು ನುಡಿಸುತ್ತ ನುಡಿಸುತ್ತಲೇ ಮನುಷ್ಯ ವಾದಕನಾಗುತ್ತಾನೆ, ಸದ್ಗುಣವೂ ಹಾಗೆಯೇ ಆಚರಣೆಯಿಂದ ಬರುತ್ತದೆ ಎಂದು ಅರಿಸ್ಟಾಟಲ್ ತರ್ಕಿಸಿದ್ದನು. ಅಭ್ಯಾಸವು ಸ್ವಾತಂತ್ರ್ಯದ ವೈರಿಯಲ್ಲ, ಅದರ ಬಾಗಿಲು. ಮಕ್ಕಳನ್ನು ಬೇಗನೆ ವೇದಿಕೆಗೇರಿಸಿ ಚಪ್ಪಾಳೆ ಕೇಳಬಯಸುವ ಹೆತ್ತವರು ಆ ವಿಯೆನ್ನಾದ ಸಂಜೆಗಳನ್ನು ನೆನೆಯಲಿ. ಪ್ರತಿಭೆ ದೇವರ ದಾನವಾದರೆ, ಅದು ಪಕ್ವವಾಗಲು ಕಾಯುವ ತಾಳ್ಮೆ ನಮ್ಮ ಪಾಲಿನ ಕರ್ತವ್ಯ.