ಅರಸೀಕೆರೆಯ ಟೆಂಟಿನಿಂದ ಬೆಳ್ಳಿತೆರೆಗೆ: ಬಿ. ವಿಠಲಾಚಾರ್ಯ



ಕಡೂರು, ತರೀಕೆರೆ, ಅಜ್ಜಂಪುರದಿಂದ ಬೆಂಗಳೂರಿನ ರೈಲು ಹತ್ತಿದರೆ ನೀವು ಅರಸೀಕೆರೆಯನ್ನು ದಾಟಿಯೇ ಹೋಗಬೇಕು. ಆ ಊರಿನಲ್ಲಿ ಹೋಟೆಲ್ ನಡೆಸುತ್ತಿದ್ದ ಯುವಕನೊಬ್ಬ ಮುಂದೆ ದಕ್ಷಿಣ ಭಾರತದ ಚಿತ್ರಮಂದಿರಗಳನ್ನು ತುಂಬಿಸಿದ ನಿರ್ದೇಶಕನಾದ ಸಂಗತಿ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರೇ ಬಿ. ವಿಠಲಾಚಾರ್ಯ.

ಅವರು ಹುಟ್ಟಿದ್ದು 1920ರಲ್ಲಿ, ಉಡುಪಿ ಬಳಿಯ ಉದ್ಯಾವರದಲ್ಲಿ. ಶಾಲೆಯ ಓದು ಹೆಚ್ಚು ಮುಂದುವರಿಯಲಿಲ್ಲ. ಯಕ್ಷಗಾನ, ಬಯಲಾಟದ ಹುಚ್ಚು ಮಾತ್ರ ಬಿಡಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಅರಸೀಕೆರೆಗೆ ಬಂದು ಹೋಟೆಲ್ ನಡೆಸಿದರು. ಕ್ವಿಟ್ ಇಂಡಿಯಾ ಚಳವಳಿಗೆ ಸೇರಿ ಸೆರೆಮನೆ ಕಂಡರು. ಹೊರಬಂದ ಮೇಲೆ ಗೆಳೆಯರೊಡನೆ ಟೂರಿಂಗ್ ಟಾಕೀಸ್ ಕಟ್ಟಿದರು.

ಟೆಂಟ್ ಸಿನಿಮಾ ಎಂದರೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ನೆಲದ ಮೇಲೆ ಕುಳಿತವರು ಯಾವಾಗ ನಕ್ಕರು, ಯಾವಾಗ ಬೆಚ್ಚಿದರು, ಯಾವಾಗ ಬೀಡಿ ಹಚ್ಚಲು ಎದ್ದರು ಎಂಬುದೆಲ್ಲ ಟೆಂಟಿನ ಮಾಲೀಕನ ಕಣ್ಣಿಗೆ ಬೀಳುತ್ತಿತ್ತು. ವಿಠಲಾಚಾರ್ಯರ ಕಾಲೇಜು ಅದೇ.

ನಂತರ ಮೈಸೂರಿನಲ್ಲಿ ಡಿ. ಶಂಕರ್ ಸಿಂಗ್ ಅವರ ಜೊತೆ ಮಹಾತ್ಮಾ ಪಿಕ್ಚರ್ಸ್‌ನಲ್ಲಿ ಪಾಲುದಾರರಾದರು. ಆ ಸಂಸ್ಥೆಯ 'ಜಗನ್ಮೋಹಿನಿ' 1951ರಲ್ಲಿ ಭಾರಿ ಯಶಸ್ಸು ಕಂಡಿತು. 1952ರ 'ಶ್ರೀ ಶ್ರೀನಿವಾಸ ಕಲ್ಯಾಣ'ದಿಂದ ಸ್ವತಃ ನಿರ್ದೇಶನಕ್ಕಿಳಿದರು. ಬಳಿಕ ಸ್ವಂತ ಸಂಸ್ಥೆ ಕಟ್ಟಿ, ಮದರಾಸಿನಲ್ಲಿ ನೆಲೆಸಿ ತೆಲುಗಿಗೂ ಕಾಲಿಟ್ಟರು. 1963ರಲ್ಲಿ ಒಂದೇ ಕಥೆಯನ್ನು ತೆಲುಗಿನಲ್ಲಿ ಎನ್.ಟಿ. ರಾಮರಾವ್ ಅವರೊಂದಿಗೆ 'ಬಂದಿಪೋಟು' ಎಂದೂ, ಕನ್ನಡದಲ್ಲಿ ರಾಜ್‌ಕುಮಾರ್ ಅವರೊಂದಿಗೆ 'ವೀರಕೇಸರಿ' ಎಂದೂ ತೆಗೆದರು. ಎರಡೂ ಜನಮನ ಗೆದ್ದವು.

ರಾಜಕುಮಾರ, ಮಾಂತ್ರಿಕ, ದೆವ್ವ, ಅಸ್ಥಿಪಂಜರ ಅವರ ಚಿತ್ರಗಳ ಸರಕು. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಕ್ಯಾಮೆರಾದ ಕೈಚಳಕದಿಂದಲೇ ಮಾಯಾಲೋಕ ಕಟ್ಟಬೇಕಿತ್ತು. 1978ರಲ್ಲಿ ತೆಲುಗಿನಲ್ಲಿ ತೆಗೆದ 'ಜಗನ್ಮೋಹಿನಿ'ಯ ದೆವ್ವ ಒಲೆಗೆ ಸೌದೆಯ ಬದಲು ತನ್ನ ಕಾಲನ್ನೇ ಇಟ್ಟು ಅಡುಗೆ ಮಾಡಿದ್ದನ್ನು ಕಂಡವರು ಇಂದಿಗೂ ಮರೆತಿಲ್ಲ. ದೊಡ್ಡ ತಾರೆಯರಿಲ್ಲದ ಆ ಚಿತ್ರ ಗಲ್ಲಾಪೆಟ್ಟಿಗೆಯನ್ನು ಸೂರೆಗೊಂಡಿತು.

ಇಲ್ಲಿ ನೀವು ಗಮನಿಸಬೇಕಾದ ಮಾತೊಂದಿದೆ. ಸಿನಿಮಾ ತೆಗೆದು ಮನೆಮಠ ಕಳೆದುಕೊಂಡವರು ಬಹಳ. ವಿಠಲಾಚಾರ್ಯರು ಖರ್ಚಿಗೆ ಮೊದಲೇ ಮಿತಿ ಹಾಕಿಕೊಂಡು, ಹೇಳಿದ ದಿನಕ್ಕೆ ಚಿತ್ರೀಕರಣ ಮುಗಿಸುತ್ತಿದ್ದರು. ನಟ ಸತಾಯಿಸಿದರೆ ಆ ಪಾತ್ರವನ್ನೇ ಗಿಳಿಯನ್ನಾಗಿ ಮಾಡಿ ಕಥೆ ಮುಂದುವರಿಸುತ್ತಿದ್ದರೆಂದು ಚಿತ್ರರಂಗದಲ್ಲಿ ಹೇಳುವುದುಂಟು. ವಿಮರ್ಶಕರು ಅವರನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಜನ 'ಜಾನಪದ ಬ್ರಹ್ಮ' ಎಂದು ಕರೆದರು. 1999ರ ಮೇ 28ರಂದು ಅವರು ನಿಧನರಾದರು.

ವಿದ್ಯಾರ್ಥಿಗಳೇ, ಅವರಿಗೆ ಶಾಲೆ ದಕ್ಕಲಿಲ್ಲ, ನಿಮಗೆ ದಕ್ಕಿದೆ. ಅದನ್ನು ಬಿಡಬೇಡಿ. ಜೊತೆಗೆ ಅವರ ಲೆಕ್ಕಾಚಾರ, ಸಮಯಪಾಲನೆ, ಜನರನ್ನು ಓದುವ ಕಣ್ಣು ಇವನ್ನೂ ಕಲಿಯಿರಿ. ಮುಂದಿನ ಸಲ ಅರಸೀಕೆರೆಯಲ್ಲಿ ರೈಲು ನಿಂತಾಗ ಅವರನ್ನೊಮ್ಮೆ ನೆನೆಯಿರಿ.