'ಆಕಾಶವಾಣಿ' ಎಂಬ ಹೆಸರಿನ ಹಿಂದೆ ಕೊಚ್ಚಿ ಸೀಮೆಯ ಹುಡುಗ: ನಾ. ಕಸ್ತೂರಿ ಬದುಕಿನ ಕಥೆ

ಬೆಳಗ್ಗೆ ರೇಡಿಯೊ ಹಾಕಿದರೆ ಮೊದಲು ಕಿವಿಗೆ ಬೀಳುವ ಪದ ಆಕಾಶವಾಣಿ. 2023ರಲ್ಲಿ ಪ್ರಸಾರ ಭಾರತಿ 'ಆಲ್ ಇಂಡಿಯಾ ರೇಡಿಯೊ' ಎಂಬ ಇಂಗ್ಲಿಷ್ ಹೆಸರನ್ನು ಬದಿಗಿಟ್ಟು, ಇನ್ನು ಮುಂದೆ ಎಲ್ಲೆಡೆ ಆಕಾಶವಾಣಿ ಎಂದೇ ಹೇಳಬೇಕು ಎಂದು ಸೂಚಿಸಿದಾಗ ಮೈಸೂರಿನ ಹಿರಿಯರು ಒಳಗೊಳಗೇ ನಕ್ಕಿರಬೇಕು. ಏಕೆಂದರೆ ಬಾನುಲಿ ಕೇಂದ್ರವೊಂದಕ್ಕೆ ಈ ಹೆಸರು ಅಂಟಿದ್ದು ದೆಹಲಿಯಲ್ಲಲ್ಲ, ಮೈಸೂರಿನ ಒಂದು ಮನೆಯಲ್ಲಿ. ಹೆಸರನ್ನು ಸೂಚಿಸಿದವರು ಎಂದು ಊರು ನೆನೆಯುವ ವ್ಯಕ್ತಿ ಮೈಸೂರಿನವರೂ ಅಲ್ಲ, ಹುಟ್ಟಿನಿಂದ ಕರ್ನಾಟಕದವರೂ ಅಲ್ಲ.

ಅವರೇ ನಾ. ಕಸ್ತೂರಿ. ಪೂರ್ತಿ ಹೆಸರು ನಾರಾಯಣ ಕಸ್ತೂರಿ ರಂಗನಾಥ ಶರ್ಮ. 1897ರ ಡಿಸೆಂಬರ್ 25ರಂದು ಹುಟ್ಟಿದ್ದು ಕೊಚ್ಚಿಯ ಪಕ್ಕದ ತ್ರಿಪ್ಪೂಣಿತ್ತುರದಲ್ಲಿ. ಅದು ಕೊಚ್ಚಿ ರಾಜಮನೆತನದ ಊರು. ಅಲ್ಲಿಂದ ಓದಿಗಾಗಿ ತಿರುವನಂತಪುರಕ್ಕೆ ಹೋದರು. ಎಂ.ಎ. ಮಾಡಿದರು, ಜೊತೆಗೆ ಕಾನೂನನ್ನೂ ಓದಿದರು. ವಕೀಲಿಕೆ ಹಿಡಿಯಲಿಲ್ಲ. ಮೈಸೂರಿನ ಬನುಮಯ್ಯ ಶಾಲೆಯಲ್ಲಿ ಇತಿಹಾಸ ಹೇಳಿಕೊಡುವ ಕೆಲಸ ಸಿಕ್ಕಿತು, ಗಂಟುಮೂಟೆ ಕಟ್ಟಿ ಹೊರಟರು. ಮಲಯಾಳದ ನೆಲದಲ್ಲಿ ಬೆಳೆದ ಯುವಕ ಮೈಸೂರಿಗೆ ಬಂದು ಕನ್ನಡವನ್ನು ಕಲಿತದ್ದಷ್ಟೇ ಅಲ್ಲ, ಕನ್ನಡಿಗರನ್ನೇ ಕನ್ನಡದಲ್ಲಿ ನಗಿಸುವ ಮಟ್ಟಕ್ಕೆ ಬೆಳೆದರು. ಇನ್ನೊಂದು ಭಾಷೆಯಲ್ಲಿ ಅಳಿಸುವುದು ಸುಲಭ, ನಗಿಸುವುದು ಕಷ್ಟ.

30 ವ್ಯಾಟ್‌ನ ಸಾಹಸ

ಆ ಹೊತ್ತಿಗೆ ಮಹಾರಾಜ ಕಾಲೇಜಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಎಂಬ ಮನಃಶಾಸ್ತ್ರದ ಪ್ರಾಧ್ಯಾಪಕರಿದ್ದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ದೊಡ್ಡ ವಿದ್ವಾಂಸರ ಕೈಕೆಳಗೆ ಡಾಕ್ಟರೇಟ್ ಪಡೆದು ಬಂದವರು. ಮನಸ್ಸನ್ನು ಅಳೆಯುವ ಮೇಷ್ಟರಿಗೆ ತರಂಗಗಳ ಹುಚ್ಚು. 1935ರ ಸೆಪ್ಟೆಂಬರ್ 10ರಂದು ತಮ್ಮ 'ವಿಠ್ಠಲ ವಿಹಾರ' ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿಬಿಟ್ಟರು. ಕುವೆಂಪು ಅವರ ಕವನ ವಾಚನದೊಂದಿಗೆ ಪ್ರಸಾರ ಶುರುವಾಯಿತು. ಯಂತ್ರದ ಶಕ್ತಿ ಎಷ್ಟು ಗೊತ್ತೇ? ಕೇವಲ 30 ವ್ಯಾಟ್. ಹಳೆಯ ಕಾಲದ ಮಂಕು ಬಲ್ಬಿಗೆ ಬೇಕಾದಷ್ಟು ಕರೆಂಟು!

ಇಷ್ಟು ಕಡಿಮೆ ಶಕ್ತಿಯಲ್ಲಿ ದನಿ ಕಳಿಸುವುದು ಎಂದರೆ ಸಂತೆಯ ನಡುವೆ ನಿಂತು ಪಿಸುಗುಟ್ಟಿದಂತೆ. ಹಗಲಿನಲ್ಲಿ ಮಧ್ಯಮ ತರಂಗಗಳು ನೆಲ ಹಿಡಿದು ಸಾಗುತ್ತವೆ, ದೂರ ಹೋದಷ್ಟೂ ಸೊರಗುತ್ತವೆ. ರಾತ್ರಿಯಾದರೆ ಬೇರೆಯೇ ಕಾಟ. ಮೇಲಿನ ವಾತಾವರಣದ ಪದರ ದೂರದ ದೊಡ್ಡ ಕೇಂದ್ರಗಳ ಅಲೆಗಳನ್ನು ಕೆಳಕ್ಕೆ ತಳ್ಳುತ್ತದೆ. ಪಕ್ಕದ ಬೀದಿಯ ಸಣ್ಣ ದನಿ ಅವುಗಳ ಅಬ್ಬರದಲ್ಲಿ ಮುಳುಗುತ್ತದೆ. ಮಳೆಗಾಲದ ಗುಡುಗು ಮಿಂಚಿನ ಕರಕರ ಸದ್ದು ಬೇರೆ. ಕೇಳುಗರ ಕಡೆಯಲ್ಲೂ ಕೆಲಸವಿತ್ತು. ಛಾವಣಿಯ ಮೇಲೆ ಉದ್ದನೆಯ ತಂತಿ ಎಳೆಯಬೇಕು, ಇನ್ನೊಂದು ತಂತಿಯನ್ನು ನೆಲಕ್ಕೆ ಇಳಿಸಬೇಕು, ವಾಲ್ವ್ ಬಿಸಿಯಾಗುವವರೆಗೆ ಕಾಯಬೇಕು, ಆಮೇಲೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ದನಿ ಹುಡುಕಬೇಕು.

ಗೋಪಾಲಸ್ವಾಮಿ ಮುಂದೆ ಹೊರದೇಶದಿಂದ 250 ವ್ಯಾಟ್‌ನ ಯಂತ್ರ ತರಿಸಿದರು. ಶಕ್ತಿ ಎಂಟು ಪಟ್ಟು ಹೆಚ್ಚಿತು. ಆದರೆ ತರಂಗದ ಲೆಕ್ಕ ಅಂಗಡಿಯ ಲೆಕ್ಕದಂತಲ್ಲ. ಶಕ್ತಿ ಎಂಟು ಪಟ್ಟಾದರೂ ಕೇಳುಗನ ತಂತಿಗೆ ಮುಟ್ಟುವ ಸಂಕೇತದ ಬಲ ಹೆಚ್ಚುವುದು ಅದರ ವರ್ಗಮೂಲದಷ್ಟು, ಅಂದರೆ ಸುಮಾರು ಮೂರು ಪಟ್ಟು ಮಾತ್ರ. ಹಾಗಾಗಿ ಖರ್ಚು ಮಾಡುವ ಮೊದಲು ಏರಿಯಲ್ ಸರಿಪಡಿಸು ಎಂಬುದು ಈ ವಿದ್ಯೆಯ ಹಳೆಯ ಪಾಠ. ಇಂದು ಅಂಗೈಯಗಲದ ಕಂಪ್ಯೂಟರ್‌ಗಳಿಗೆ ಪುಟ್ಟ ವೈರ್‌ಲೆಸ್ ಚಿಪ್ ಜೋಡಿಸಿ, ಒಂದರ ಮಾತು ಇನ್ನೊಂದಕ್ಕೆ ತಲುಪುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವ ಎಂಜಿನಿಯರಿಂಗ್ ಹುಡುಗರಿಗೂ ಪರಿಹಾರ ಬಹುಪಾಲು ಅಲ್ಲೇ ಸಿಗುತ್ತದೆ: ಆಂಟೆನಾ ಸರಿಯಿದೆಯೇ, ಅಕ್ಕಪಕ್ಕ ಗದ್ದಲವಿದೆಯೇ, ವೋಲ್ಟೇಜ್ ಬೀಳುತ್ತಿದೆಯೇ, ಎರಡೂ ಕಡೆ ಒಂದೇ ತರಂಗಾಂತರಕ್ಕೆ ಹೊಂದಿಸಿದೆಯೇ.

ಹೆಸರು ಯಾರದ್ದು?

ಯಂತ್ರ ಬಂತು, ದನಿ ಬಂತು. ಕೇಂದ್ರಕ್ಕೊಂದು ಹೆಸರು ಬೇಕಿತ್ತು. ಪುರಾಣ ಕಥೆಗಳಲ್ಲಿ, ಬಯಲಾಟಗಳಲ್ಲಿ ಮೈಯಿಲ್ಲದ ದನಿಯೊಂದು ಮೇಲಿನಿಂದ ನುಡಿದು ಕಥೆಯ ದಿಕ್ಕನ್ನೇ ಬದಲಿಸುವುದು ಎಲ್ಲರಿಗೂ ಗೊತ್ತು. ಆ ಆಕಾಶವಾಣಿಯನ್ನೇ ಈ ಪೆಟ್ಟಿಗೆಯ ದನಿಗೆ ಇಟ್ಟವರು ಕಸ್ತೂರಿ ಎಂಬುದು ಕನ್ನಡ ಸಾಹಿತ್ಯ ವಲಯದಲ್ಲಿ ಗಟ್ಟಿಯಾಗಿ ನಿಂತ ಮಾತು. ಗೋಪಾಲಸ್ವಾಮಿಯವರಿಗೇ ಆ ಶ್ರೇಯ ಕೊಡುವವರೂ ಇದ್ದಾರೆ. ಬಂಗಾಳದವರು ಟ್ಯಾಗೋರರ ಹೆಸರು ಹೇಳುತ್ತಾರೆ. ಆದರೆ ಅವರ ಕವನದ ಸಂದರ್ಭ 1938ರದ್ದು, ಮೈಸೂರಿನ ಕೇಂದ್ರ ಅದಕ್ಕಿಂತ ಮೂರು ವರ್ಷ ಹಿರಿದು. ಮೊದಲ ಇಬ್ಬರ ನಡುವೆ ಆರಿಸಬೇಕೆಂದರೆ, ಪದಗಳನ್ನು ತಿರುಚಿ ಹೊಸ ಅರ್ಥ ಹೊರಡಿಸುವುದೇ ಕಸುಬಾಗಿದ್ದ ಕಸ್ತೂರಿಯವರ ಕೈ ಇದರಲ್ಲಿದೆ ಎಂದು ನಂಬುವುದು ಕಷ್ಟವೇನಲ್ಲ. ಕೇಂದ್ರವನ್ನು ನಡೆಸಿದ್ದು, ಕೈಯಿಂದ ಹಣ ಹಾಕಿದ್ದು ಮಾತ್ರ ಗೋಪಾಲಸ್ವಾಮಿ. ಅದರಲ್ಲಿ ಯಾರ ತಕರಾರೂ ಇಲ್ಲ.

ಮನೆಯಲ್ಲಿ ಹುಟ್ಟಿದ ಕೇಂದ್ರವನ್ನು 1942ರ ಹೊತ್ತಿಗೆ ಮೈಸೂರು ಸರ್ಕಾರ ವಹಿಸಿಕೊಂಡಿತು. ಮರುವರ್ಷ, 1943ರಲ್ಲಿ, ಕಸ್ತೂರಿ ಓದಿದ ತಿರುವನಂತಪುರದಲ್ಲೂ ತಿರುವಾಂಕೂರು ಸಂಸ್ಥಾನ ತನ್ನದೇ ಬಾನುಲಿ ಕೇಂದ್ರ ತೆರೆಯಿತು. ಎರಡೂ ಸಂಸ್ಥಾನದ ಕೂಸುಗಳು. 1950ರ ಏಪ್ರಿಲ್ 1ರಂದು, ಒಂದೇ ದಿನ, ಎರಡೂ ಆಲ್ ಇಂಡಿಯಾ ರೇಡಿಯೊ ತೆಕ್ಕೆಗೆ ಹೋದವು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಶುರುವಾದಾಗ ಮೈಸೂರಿನ ದನಿ ನಿಂತುಹೋಯಿತು. ಅದು ಮತ್ತೆ ಕೇಳಿಸಿದ್ದು 1974ರಲ್ಲಿ. ಕೇಂದ್ರ ಹೋದರೂ ಹೆಸರು ಹೋಗಲಿಲ್ಲ. 1950ರ ದಶಕ ಮುಗಿಯುವ ಮೊದಲೇ ದೇಶದ ಬಾನುಲಿ ಅದನ್ನು ತನ್ನದಾಗಿಸಿಕೊಂಡಿತು.

ಕಸ್ತೂರಿಯವರ ಬದುಕು ಇದೊಂದು ಹೆಸರಿಗೆ ಮುಗಿಯುವುದಿಲ್ಲ. ಡಾ. ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯ ಮಾಸಿಕದ ಮುಖ್ಯ ಲೇಖಕರಲ್ಲಿ ಅವರೊಬ್ಬರು. ಅವರ 'ಅನರ್ಥಕೋಶ' ಕನ್ನಡದ ಮಟ್ಟಿಗೆ ಅಪರೂಪದ ಪುಸ್ತಕ. ನಾವು ದಿನವೂ ಬಳಸುವ ಪದವನ್ನು ಎತ್ತಿಕೊಂಡು, ಸಂಧಿ ಇಲ್ಲದ ಕಡೆ ಒಡೆದು, ನಿಘಂಟುಕಾರರು ಕನಸಿನಲ್ಲೂ ಕಾಣದ ಅರ್ಥ ಕೊಡುವ ಕೋಶ ಅದು. ಹೊರಗಿನಿಂದ ಬಂದವರ ಕಿವಿಗೆ ಮಾತ್ರ ಪದಗಳು ಹಾಗೆ ಬಿಡಿಬಿಡಿಯಾಗಿ ಕೇಳಿಸುತ್ತವೆಯೋ ಏನೋ. ಕಾದಂಬರಿ, ನಾಟಕಗಳನ್ನೂ ಬರೆದರು. ತಕಳಿ ಶಿವಶಂಕರ ಪಿಳ್ಳೆಯವರ 'ಚೆಮ್ಮೀನ್' ಕಾದಂಬರಿಯನ್ನು ಕನ್ನಡಕ್ಕೆ ತಂದು ಹುಟ್ಟಿದ ನೆಲದ ಋಣವನ್ನೂ ತೀರಿಸಿದರು.

1940ರ ದಶಕದ ಕೊನೆಗೆ ಅವರು ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರನ್ನು ಕಂಡರು. ಅಧ್ಯಾಪಕ ವೃತ್ತಿಯಿಂದ 1954ರಲ್ಲಿ ನಿವೃತ್ತರಾದ ಮೇಲೆ ಕೆಲಕಾಲ ಬೆಂಗಳೂರು ಆಕಾಶವಾಣಿಯಲ್ಲಿ ನಿರ್ಮಾಪಕರಾಗಿದ್ದು, ನಂತರ ಪುಟ್ಟಪರ್ತಿಯಲ್ಲೇ ನೆಲೆಸಿದರು. 1958ರಲ್ಲಿ ಶುರುವಾದ 'ಸನಾತನ ಸಾರಥಿ' ಪತ್ರಿಕೆಯ ಸಂಪಾದಕರಾದರು. 'ಸತ್ಯಂ ಶಿವಂ ಸುಂದರಂ' ಎಂಬ ಬಾಬಾ ಅವರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಎಲ್ಲರನ್ನೂ ಎಲ್ಲವನ್ನೂ ಗೇಲಿ ಮಾಡಿದ ಲೇಖಕ ಹೀಗೆ ಭಕ್ತನಾದದ್ದು ಹಳೆಯ ಕೊರವಂಜಿ ಓದುಗರಿಗೆ ಒಗಟಾಗಿಯೇ ಉಳಿಯಿತು. ಅವರ ಜಗತ್ತಿನ ಓದುಗರಿಗೆ ಅವರು ಬಾಬಾ ಅವರ ಜೀವನಚರಿತ್ರೆಕಾರರು, ಕನ್ನಡಿಗರಿಗೆ ಅನರ್ಥಕೋಶದ ಕಸ್ತೂರಿ. ಎರಡೂ ಕಡೆಯವರು ಇನ್ನೊಂದು ಕಡೆಯನ್ನು ಅಷ್ಟಾಗಿ ಓದಿಲ್ಲ.

1987ರ ಆಗಸ್ಟ್ 14ರಂದು ಅವರು ತೀರಿಕೊಂಡರು. ಆಗ ಅವರಿಗೆ 89 ವರ್ಷ.